ಸ್ಪೀಕರ್, ಹೆಡ್‌ಫೋನ್ ಪರೀಕ್ಷೆಗೆ ಯಾವ ಹಾಡು ಹಾಕಬೇಕು?

ಹೊಸ ಸ್ಪೀಕರ್ ಕೇಳಿ ನೋಡುವಾಗ ನಾವು ಸಾಮಾನ್ಯವಾಗಿ ಹಾಕುವುದು ನಮಗೆ ತುಂಬಾ ಇಷ್ಟವಾದ ಹಾಡನ್ನು. ಇಲ್ಲವೇ ಮಾರುವವರು ಮೊದಲೇ ಆರಿಸಿಟ್ಟ ಹಾಡನ್ನು. ಎರಡೂ ಕಿವಿಗೆ ಹಿತವಾಗಿರುತ್ತವೆ. ತಲೆ ಆಡಿಸುತ್ತಾ ‘ಚೆನ್ನಾಗಿದೆ’ ಅಂದುಬಿಡುತ್ತೇವೆ. ಆದರೆ ಪರೀಕ್ಷೆಗೆ ಬೇಕಾಗಿರುವುದು ಹಿತವಾದ ಹಾಡಲ್ಲ, ಸಾಧನದ ಹುಳುಕನ್ನು ಹೊರಗೆಳೆಯುವ ಹಾಡು. ಕೆಲವು ಹಾಡುಗಳು ಯಾವ ಸ್ಪೀಕರಿಗೆ ಹಾಕಿದರೂ ಸೊಗಸಾಗಿಯೇ ಕೇಳಿಸುತ್ತವೆ. ಒಂದು ಗಿಟಾರ್, ಒಂದು ಮೆಲುದನಿ, ಸುತ್ತಲೂ ಬೇಕಾದಷ್ಟು ಮೌನ. ಇಂಥ ಹಾಡು ಮಾರುವವರಿಗೆ ವರ, ಕೊಳ್ಳುವವರಿಗೆ ಅಲ್ಲ.

ಹಾಗಾಗಿ ಇಲ್ಲಿ ‘ಅತ್ಯುತ್ತಮ ಹತ್ತು ಹಾಡುಗಳು’ ಥರದ ಪಟ್ಟಿ ಇಲ್ಲ. ನಿಮ್ಮ ಬಳಿ ಈಗಾಗಲೇ ಇರುವ ಹಾಡುಗಳಲ್ಲಿ ಯಾವ ಬಗೆಯದು ಯಾವ ಪರೀಕ್ಷೆಗೆ ಒದಗುತ್ತದೆ, ಯಾವುದು ಸುಮ್ನೆ ಮೋಸ ಮಾಡುತ್ತದೆ ಅಂತ ನೋಡೋಣ.

ಪರಿಚಯದ ಹಾಡೋ, ಡೆಮೊ ಹಾಡೋ, ಬರೀ ಸದ್ದೋ

ಮೊದಲ ಆಯ್ಕೆ ಇರುವುದು ಈ ಮೂರರ ನಡುವೆ.

ಪರಿಚಯದ ಹಾಡಿನ ಲಾಭ ದೊಡ್ಡದು. ಎರಡನೇ ಚರಣಕ್ಕೆ ಮುಂಚೆ ಗಾಯಕಿ ಉಸಿರು ಎಳೆದುಕೊಳ್ಳುವುದು, ಕೊನೆಯಲ್ಲಿ ಪಿಟೀಲಿನ ಹಿಂದೆ ಸಣ್ಣದಾಗಿ ಗೆಜ್ಜೆ ಬರುವುದು ನಿಮಗೆ ಗೊತ್ತಿರುತ್ತದೆ. ಹೊಸ ಹೆಡ್‌ಫೋನಿನಲ್ಲಿ ಆ ಗೆಜ್ಜೆ ಕೇಳದೇ ಹೋದರೆ ತಕ್ಷಣ ಗೊತ್ತಾಗುತ್ತದೆ. ಗೊತ್ತಿಲ್ಲದ ಹಾಡಿನಲ್ಲಿ ಏನು ಕಳೆದುಹೋಯಿತು ಅಂತ ಹೇಳುವುದಾದರೂ ಹೇಗೆ?

ಆದರೆ ಇದರಲ್ಲೂ ಒಂದು ತೊಡಕಿದೆ. ಆ ಹಾಡನ್ನು ಇಷ್ಟು ದಿನ ಯಾವುದರಲ್ಲಿ ಕೇಳಿದ್ದೀರಿ? ಬರೀ ಫೋನಿನ ಸ್ಪೀಕರಿನಲ್ಲೇ ಕೇಳಿದ್ದರೆ ನಿಮಗೆ ಪರಿಚಯ ಇರುವುದು ಆ ಫೋನಿನ ಧ್ವನಿ, ಹಾಡಿನದಲ್ಲ. ಆಗ ಒಳ್ಳೆಯ ಸ್ಪೀಕರೇ ವಿಚಿತ್ರವಾಗಿ ಕೇಳಿಸಬಹುದು. ಕಾರಿನಲ್ಲಿ, ಟಿವಿಯಲ್ಲಿ, ಇಯರ್‌ಫೋನಿನಲ್ಲಿ, ಸ್ನೇಹಿತರ ದೊಡ್ಡ ಸೆಟ್ಟಿನಲ್ಲಿ, ಹೀಗೆ ನಾಲ್ಕಾರು ಕಡೆ ಕೇಳಿದ ಹಾಡೇ ಸರಿ. ಎಲ್ಲಾ ಕಡೆ ಕೇಳಿದ್ದರಿಂದ ಅದರ ಒಂದು ಸರಾಸರಿ ರೂಪ ತಲೆಯಲ್ಲಿ ಕೂತಿರುತ್ತದೆ.

ಇನ್ನೊಂದು ಮಾತು. ಪ್ರಾಣ ಬಿಡುವಷ್ಟು ಇಷ್ಟದ ಹಾಡು ಬೇಡ. ಅದು ಶುರುವಾದ ಕೂಡಲೇ ನೀವು ಹಾಡಿನೊಳಗೆ ಹೋಗಿಬಿಡುತ್ತೀರಿ, ಸ್ಪೀಕರ್ ಮರೆತೇ ಹೋಗುತ್ತದೆ. ಬಾಯಿಪಾಠ ಆಗಿರುವ, ಆದರೆ ಸ್ವಲ್ಪ ಬೇಸರವೂ ಬಂದಿರುವ ಹಾಡು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಡೆಮೊ ಹಾಡುಗಳು, ಅಂದರೆ ಧ್ವನಿಮುದ್ರಣದ ಸೊಗಸಿಗೇ ಹೆಸರಾದವು, ಸಾಧನ ಎಷ್ಟು ಎತ್ತರಕ್ಕೆ ಹೋಗಬಲ್ಲದು ಅನ್ನುವುದನ್ನು ತೋರಿಸುತ್ತವೆ. ಒಂದಿರಲಿ, ತಪ್ಪಿಲ್ಲ. ಆದರೆ ನಾಳೆ ನೀವು ಕೇಳುವುದು ನಿಮ್ಮ ಹಾಡುಗಳನ್ನೇ ಅಲ್ವಾ? ನಿಮ್ಮ ಸಂಗ್ರಹದಲ್ಲಿ ಹಳೆಯ ಚಿತ್ರಗೀತೆಗಳೇ ಜಾಸ್ತಿ ಇದ್ದರೆ, ಅವುಗಳಲ್ಲಿ ಟೇಪಿನ ‘ಹಿಸ್’ ಸದ್ದೂ ಇರುತ್ತದೆ, ತೀಕ್ಷ್ಣವಾದ ಪಿಟೀಲುಗಳೂ ಇರುತ್ತವೆ. ಟ್ರೆಬಲ್, ಅಂದರೆ ಮೇಲಿನ ಸ್ವರಗಳನ್ನು, ಎತ್ತಿ ಹಿಡಿಯುವ ಸ್ಪೀಕರ್ ಡೆಮೊ ಹಾಡಿನಲ್ಲಿ ‘ಆಹಾ’ ಅನ್ನಿಸಿ, ಮನೆಗೆ ಬಂದ ಮೇಲೆ ಆ ಹಳೆಯ ಹಾಡುಗಳಲ್ಲಿ ಕಿವಿ ಕೊರೆಯುತ್ತದೆ. ಅದಕ್ಕೇ ಪಟ್ಟಿಯಲ್ಲಿ ಕೆಟ್ಟದಾಗಿ ಮುದ್ರಣವಾದ, ಆದರೆ ನೀವು ದಿನವೂ ಕೇಳುವ ಒಂದು ಹಾಡು ಇರಲೇಬೇಕು. ಬೇಕಾದರೆ ಡೆಮೊ ಹಾಡನ್ನು ಬಿಡಿ, ಇದನ್ನು ಬಿಡಬೇಡಿ.

ಮೂರನೆಯದು ಹಾಡೇ ಅಲ್ಲ. ಪಿಂಕ್ ನಾಯ್ಸ್ ಅನ್ನುವ ಸದ್ದು. ಜೋರು ಮಳೆಯ ಹಾಗೆ ‘ಶ್ಶ್’ ಅನ್ನುತ್ತಲೇ ಇರುತ್ತದೆ. ಪ್ರತಿ ಸ್ಥಾಯಿಗೂ, ಅಂದರೆ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಪ್ರತಿ ಹರವಿಗೂ, ಇದರಲ್ಲಿ ಸಮನಾದ ಶಕ್ತಿ ಇರುತ್ತದೆ. ಕೇಳಲು ಏನೂ ಮಜಾ ಇಲ್ಲ. ಆದರೆ ಎರಡು ಸ್ಪೀಕರ್‌ಗಳ ನಡುವೆ ಇದನ್ನೇ ಬದಲಾಯಿಸಿ ಕೇಳಿದರೆ ವ್ಯತ್ಯಾಸ ಮುಖಕ್ಕೆ ಹೊಡೆದ ಹಾಗೆ ಕಾಣುತ್ತದೆ. ಒಂದು ಕೊಳವೆಯೊಳಗಿಂದ ಬಂದ ಹಾಗೆ, ಇನ್ನೊಂದು ಮೂಗಿನಿಂದ ಬಂದ ಹಾಗೆ, ಮತ್ತೊಂದು ಕಂಬಳಿ ಹೊದಿಸಿದ ಹಾಗೆ ಕೇಳಿಸುತ್ತದೆ.

ಸ್ಪೀಕರ್, ಹೆಡ್‌ಫೋನ್ ತಯಾರಿಸುವ ಹರ್ಮನ್ ಕಂಪನಿಯ ಸಂಶೋಧಕ ಶಾನ್ ಆಲಿವ್ 1994ರಲ್ಲಿ ಇದನ್ನೇ ಪರೀಕ್ಷಿಸಿ ಬರೆದರು. ಧ್ವನಿಯಲ್ಲಿ ಮಾಡಿದ ಬದಲಾವಣೆಗಳನ್ನು ಕೇಳುಗರು ಯಾವ ತುಣುಕಿನಲ್ಲಿ ಚೆನ್ನಾಗಿ ಗುರುತಿಸುತ್ತಾರೆ ಅನ್ನುವುದು ಪ್ರಶ್ನೆ. ಮುಂದೆ ನಿಂತದ್ದು ಪಿಂಕ್ ನಾಯ್ಸ್. ಹಾಡುಗಳ ಪೈಕಿ ಟ್ರೇಸಿ ಚಾಪ್‌ಮನ್ ಅವರ 1988ರ ‘ಫಾಸ್ಟ್ ಕಾರ್’. ಒಂಟಿ ವಾದ್ಯ, ಬರೀ ಮಾತು ಇರುವ ತುಣುಕುಗಳು ಹಿಂದೆ ಬಿದ್ದವು. ಕಾರಣ ಸರಳ. ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೂ ಒಟ್ಟಿಗೆ ತುಂಬಿಕೊಂಡಿರುವ ತುಣುಕಿನಲ್ಲಿ ಎಲ್ಲಿ ಉಬ್ಬು, ಎಲ್ಲಿ ತಗ್ಗು ಇದ್ದರೂ ಸಿಕ್ಕಿಬೀಳುತ್ತದೆ. ಒಂಟಿ ಕೊಳಲಿನಲ್ಲಿ ಬೇಸಿನ, ಅಂದರೆ ತಗ್ಗಿನ ಸ್ವರಗಳ, ತಪ್ಪು ಹುಡುಕಲು ಆಗುತ್ತದೆಯೇ? ಅಲ್ಲಿ ಬೇಸೇ ಇಲ್ಲ.

ನನ್ನ ಆಯ್ಕೆ ಹೀಗೆ: ಮೊದಲು ಅರ್ಧ ನಿಮಿಷ ಪಿಂಕ್ ನಾಯ್ಸ್, ಆಮೇಲೆ ಪರಿಚಯದ ಹಾಡುಗಳು. ಡೆಮೊ ಹಾಡು ಕೊನೆಗೆ, ಸಮಯ ಇದ್ದರೆ.

ದನಿಗೆ: ಸ ಮತ್ತು ಶ

ಸಾಧನ ಯಾವುದೇ ಇರಲಿ, ಮನುಷ್ಯರ ದನಿ ಸರಿಯಾಗಿ ಬರದಿದ್ದರೆ ಉಳಿದದ್ದೆಲ್ಲ ದಂಡ. ಹುಟ್ಟಿದಾಗಿನಿಂದ ಕೇಳುತ್ತಾ ಬಂದಿರುವುದರಿಂದ ದನಿಯ ವಿಷಯದಲ್ಲಿ ನಮ್ಮ ಕಿವಿಗೆ ಮೋಸ ಮಾಡುವುದು ಕಷ್ಟ.

ಗಂಡುದನಿ, ಹೆಣ್ಣುದನಿ ಎರಡೂ ಬೇಕು. ಎರಡೂ ಬೇರೆ ಬೇರೆ ತಪ್ಪು ಹಿಡಿಯುತ್ತವೆ. ದಪ್ಪನೆಯ ಗಂಡುದನಿಯ ಮೂಲ ಸ್ವರ ಸುಮಾರು 100 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಕಂಪನಗಳ ಆಸುಪಾಸಿನಲ್ಲಿ ಇರುತ್ತದೆ. ಅಲ್ಲಿ ಉಬ್ಬಿದ ಸ್ಪೀಕರಿನಲ್ಲಿ ಗಾಯಕ ಡ್ರಮ್ಮಿನೊಳಗೆ ತಲೆ ಹಾಕಿ ಹಾಡಿದ ಹಾಗೆ ಕೇಳುತ್ತದೆ. ಹೆಣ್ಣುದನಿಯಲ್ಲಿ ಗಮನ ಇಡಬೇಕಾದದ್ದು ತಾರ ಸ್ಥಾಯಿಗೆ ಏರುವ ಕಡೆ. ಎರಡು ಡ್ರೈವರ್, ಅಂದರೆ ಸದ್ದು ಹೊರಡಿಸುವ ಎರಡು ಭಾಗ, ಇರುವ ಸ್ಪೀಕರ್‌ಗಳಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಕೆಲಸ ಕೈ ಬದಲಾಗುವುದು ಬಹಳಷ್ಟು ಸಲ 2,000ದಿಂದ 3,000 ಹರ್ಟ್ಜ್ ನಡುವೆ. ನಮ್ಮ ಕಿವಿ ತೀರಾ ಚುರುಕಾಗಿರುವ ಜಾಗವೂ ಹೆಚ್ಚು ಕಡಿಮೆ ಅದೇ. ಅಲ್ಲಿ ಜೋಡಣೆ ಸರಿ ಇಲ್ಲದಿದ್ದರೆ ದನಿ ಏರುತ್ತಿದ್ದ ಹಾಗೆ ಒರಟಾಗುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ಹಿಂದೆ ಸರಿದ ಹಾಗಾಗುತ್ತದೆ.

ಕನ್ನಡ ಹಾಡು ಕೇಳುವವರಿಗೆ ಒಂದು ಅನುಕೂಲ ಇದೆ. ನಮ್ಮಲ್ಲಿ ಸ ಮತ್ತು ಶ ಎರಡೂ ಸ್ಪಷ್ಟವಾಗಿ ಹಾಡುವ ಗಾಯಕರು ಬೇಕಾದಷ್ಟು. ಸಕಾರದ ಸೀಟಿ ಹೆಚ್ಚಾಗಿ 5,000 ಹರ್ಟ್ಜ್‌ಗಿಂತ ಮೇಲೆ ಇರುತ್ತದೆ. ಶಕಾರದ ಶಕ್ತಿ ಅದಕ್ಕಿಂತ ಕೆಳಗೇ ಶುರುವಾಗುತ್ತದೆ. ಈಗ ಒಂದೇ ಸಾಲಿನಲ್ಲಿ ಎರಡೂ ಬರುವ ಹಾಡು ಹುಡುಕಿ. ‘ಸಂತೋಷ’, ‘ಆಕಾಶ’, ‘ಸರಸ’, ‘ಶಶಿ’ ಇಂಥ ಪದಗಳು ಹತ್ತಿರ ಹತ್ತಿರ ಬಂದರೆ ಸಾಕು. ಮೂರು ರೀತಿಯಲ್ಲಿ ಕೇಳಿಸಬಹುದು. ಒಂದು, ಸ ಬೇರೆ, ಶ ಬೇರೆ, ಎರಡೂ ದನಿಯ ಜೊತೆಗೇ ಇವೆ, ಒಳ್ಳೆಯದು. ಎರಡು, ಸ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗೆ, ದನಿಯಿಂದ ಬೇರೆಯಾಗಿ ಹಾರಿ ಬರುತ್ತದೆ. ಆ ಸಾಧನ ಸುಮಾರು 6,000ದಿಂದ 8,000 ಹರ್ಟ್ಜ್ ಭಾಗವನ್ನು ಎತ್ತಿ ಹಿಡಿದಿದೆ. ಮೂರು, ಸ ಯಾವುದು ಶ ಯಾವುದು ಅಂತ ತಿಳಿಯುವುದಿಲ್ಲ. ಮೇಲಿನ ಭಾಗ ಇಳಿದುಹೋಗಿದೆ. ಹಳೆಯ ಸ್ಥಿರ ದೂರವಾಣಿಯಲ್ಲಿ ಹೆಸರು ಹೇಳುವಾಗ ‘ಸ’ ಅನ್ನುವುದು ‘ಫ’ ಅಂತ ಕೇಳಿಸುತ್ತಿದ್ದದ್ದೂ ಇದಕ್ಕೇ. ಅದರ ತಂತಿಯಲ್ಲಿ ಸಾಗುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಜ್ ಮಾತ್ರ.

ಒಂದು ಎಚ್ಚರಿಕೆ. ಹಾಡಿನ ಮುದ್ರಣದಲ್ಲೇ ಸಕಾರ ಚುಚ್ಚುವಂತಿದ್ದರೆ ಸ್ಪೀಕರ್ ಏನು ಮಾಡೀತು? ಬೇರೆ ಬೇರೆ ಗಾಯಕರ ಎರಡು ಮೂರು ಹಾಡುಗಳಲ್ಲಿ ಒಂದೇ ದೂರು ಬಂದರೆ ಮಾತ್ರ ಅದನ್ನು ಸಾಧನದ ಲೆಕ್ಕಕ್ಕೆ ಬರೆಯಿರಿ.

ವಾದ್ಯವೇ ಇಲ್ಲದ ಒಂಟಿ ದನಿ ಎಷ್ಟು ಕಟ್ಟುನಿಟ್ಟಿನ ಪರೀಕ್ಷಕ ಅನ್ನುವುದಕ್ಕೆ ಎಂಪಿ3ಯ ಕಥೆಯೇ ಸಾಕ್ಷಿ. ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಸಂಗೀತವನ್ನು ಕುಗ್ಗಿಸುವ ವಿಧಾನದ ಮೇಲೆ ಕೆಲಸ ಮಾಡುತ್ತಿದ್ದಾಗ ಸುಝಾನ್ ವೇಗಾ ಅವರ ‘ಟಾಮ್ಸ್ ಡೈನರ್’ ಹಾಡನ್ನು ಅದಕ್ಕೆ ಒಡ್ಡಿದರು. 1987ರ ಆಲ್ಬಮ್ಮಿನಲ್ಲಿ ಬಂದ, ಬರೀ ದನಿಯ ಹಾಡು ಅದು. ಬೇರೆ ಸಂಗೀತಕ್ಕೆ ಚೆನ್ನಾಗಿಯೇ ನಡೆಯುತ್ತಿದ್ದ ವಿಧಾನ ಈ ದನಿಯನ್ನು ಹಾಳುಗೆಡವಿತು. ಹಿಂದೆ ವಾದ್ಯಗಳಿದ್ದರೆ ಅವುಗಳ ಮರೆಯಲ್ಲಿ ದೋಷ ಅಡಗುತ್ತದೆ. ಇಲ್ಲಿ ಮರೆಯೇ ಇರಲಿಲ್ಲ. ಅವರು ಆ ಹಾಡು ಸರಿಯಾಗಿ ಕೇಳುವವರೆಗೂ ವಿಧಾನವನ್ನು ತಿದ್ದುತ್ತಾ ಹೋದರು.

ಹಾಗಾದರೆ ಆಲಿವ್ ಹೇಳಿದ್ದಕ್ಕೆ ಇದು ಉಲ್ಟಾ ಆಯಿತಲ್ಲ ಅನ್ನಿಸಬಹುದು. ಇಲ್ಲ. ಧ್ವನಿಯ ಸಮತೋಲ ತಪ್ಪಿದೆಯೇ ಅಂತ ನೋಡಲು ತುಂಬಿದ ಸಂಗೀತ ಬೇಕು. ಸದ್ದಿನಲ್ಲಿ ಕೊಳೆ ಸೇರಿದೆಯೇ ಅಂತ ನೋಡಲು ಬರಿದಾದ ಸಂಗೀತ ಬೇಕು. ಎರಡೂ ಬೇರೆ ಬೇರೆ ಕೆಲಸ.

ಬೇಸಿಗೆ: ಯಂತ್ರದ್ದೋ, ವಾದ್ಯದ್ದೋ

ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವುದು ಬೇಸಿನಲ್ಲೇ.

ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್. ಪಿಯಾನೊದ ಅತಿ ಕೆಳಗಿನ ಮನೆ 27.5 ಹರ್ಟ್ಜ್. ಅಂಗೈ ಅಗಲದ ಬ್ಲೂಟೂತ್ ಸ್ಪೀಕರ್ ಇವನ್ನು ನಿಜವಾಗಿ ನುಡಿಸಲಾರದು. ಆದರೂ ಅದರಲ್ಲಿ ಬೇಸ್ ಗಿಟಾರಿನ ಸಾಲು ನಮಗೆ ಗೊತ್ತಾಗುತ್ತದೆ. ಹೇಗೆ? 41ರ ಜೊತೆಗೆ 82, 123, 164 ಹೀಗೆ ಅದರ ಹಾರ್ಮೋನಿಕ್‌ಗಳೂ, ಅಂದರೆ ಎರಡು, ಮೂರು, ನಾಲ್ಕು ಪಟ್ಟಿನ ಮೇಲಿನ ಸ್ವರಗಳೂ, ತಂತಿಯಿಂದ ಬರುತ್ತವೆ. ಸ್ಪೀಕರ್ ಅವುಗಳನ್ನು ನುಡಿಸುತ್ತದೆ. ಕೆಳಗಿನ ಮೂಲ ಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಹಾಗಾಗಿ ಬೇಸ್ ಗಿಟಾರ್, ಪಿಯಾನೊ ಇಟ್ಟುಕೊಂಡು ‘ಈ ಸ್ಪೀಕರ್ ಎಷ್ಟು ಆಳಕ್ಕೆ ಇಳಿಯುತ್ತದೆ’ ಅಂತ ಅಳೆಯಲು ಹೋದರೆ ಉತ್ತರ ತಪ್ಪಬಹುದು.

ಆಳ ಅಳೆಯಲು ಎಲೆಕ್ಟ್ರಾನಿಕ್ ಸಂಗೀತ ವಾಸಿ. ಸಿಂಥಸೈಜರಿನಲ್ಲಿ ಮಾಡಿದ ನುಣುಪಾದ ಬೇಸಿನಲ್ಲಿ ಹಾರ್ಮೋನಿಕ್‌ಗಳು ತೀರಾ ಕಡಿಮೆ. ಸ್ಪೀಕರಿಗೆ ಆಗದಿದ್ದರೆ ಆ ಸಾಲೇ ಮಾಯ. ಹಾಡು ಬೇಸಿಲ್ಲದೇ ಓಡುತ್ತದೆ. ಅಡಗಿಕೊಳ್ಳಲು ಅದಕ್ಕೆ ಜಾಗ ಇಲ್ಲ.

ಆದರೆ ಆಳ ಇದ್ದ ಮಾತ್ರಕ್ಕೆ ಬೇಸ್ ಒಳ್ಳೆಯದು ಅಂತಲ್ಲ. ಹಿಡಿತ ಇದೆಯೇ? ಅದಕ್ಕೆ ನಿಜವಾದ ವಾದ್ಯವೇ ಬೇಕು. ಎಲೆಕ್ಟ್ರಾನಿಕ್ ಬೇಸ್ ಹೇಗಿರಬೇಕು ಅನ್ನುವುದಕ್ಕೆ ಮೂಲವೇ ಇಲ್ಲ, ‘ಧಂ’ ಅಂದರೂ ಸರಿ, ‘ಧೂಂ’ ಅಂದರೂ ಸರಿ. ಮೃದಂಗ ಹಾಗಲ್ಲ. ಅದರ ಬಲಗಡೆ ಮುಖದ ನಡುವೆ ಇರುವ ಕಪ್ಪು ಕರಣೆಯಿಂದಾಗಿ ಚರ್ಮದ ಕಂಪನಗಳು ಹಾರ್ಮೋನಿಕ್ ಸಾಲಿಗೆ ಬಂದು ಕೂರುತ್ತವೆ. ಸರ್ ಸಿ. ವಿ. ರಾಮನ್ 1920ರಷ್ಟು ಹಿಂದೆಯೇ ಇದರ ಬಗ್ಗೆ ಬರೆದಿದ್ದರು. ಅದಕ್ಕೇ ಮೃದಂಗಕ್ಕೆ ಖಚಿತವಾದ ಶ್ರುತಿ ಇದೆ, ಸಾಮಾನ್ಯ ಡ್ರಮ್ಮಿಗೆ ಅಷ್ಟಾಗಿ ಇಲ್ಲ. ಒಂದು ತನಿ ಆವರ್ತನ, ಅಂದರೆ ಕಛೇರಿಯಲ್ಲಿ ಲಯವಾದ್ಯ ಮಾತ್ರ ನುಡಿಯುವ ಭಾಗ, ಹಾಕಿ. ಬಲಗಡೆ ಪೆಟ್ಟಿನ ಶ್ರುತಿ ಷಡ್ಜಕ್ಕೆ ಸೇರಿದ್ದು ಕೇಳಿಸಬೇಕು. ಎಡಗಡೆಯ ಗುಮುಕು ಜಾರಿ ಏರುವುದನ್ನು ಕಿವಿ ಹಿಂಬಾಲಿಸಲು ಆಗಬೇಕು. ಪೆಟ್ಟು ನಿಂತಾಗ ಸದ್ದೂ ನಿಲ್ಲಬೇಕು. ಸಡಿಲವಾದ ಬೇಸಿನ ಸ್ಪೀಕರಿನಲ್ಲಿ ಎಡಗಡೆ ಬರೀ ‘ಗುಂ ಗುಂ’ ಆಗಿ, ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿಗೆ ತಗುಲುತ್ತದೆ. ವೇಗದ ನಡೆ ಬಂದಾಗ ಇದು ಇನ್ನೂ ಚೆನ್ನಾಗಿ ಬಯಲಾಗುತ್ತದೆ. ತಬಲಾದ ಡಗ್ಗಾಗೂ ಇದೇ ಮಾತು.

ಸ್ಪೀಕರ್ ಆದರೆ ಇನ್ನೊಂದು ತುಣುಕು ಸೇರಿಸಿ: ಬೇಸ್ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವ ಹಾಡು. ಜಾಜ್ ಸಂಗೀತದಲ್ಲಿ ಇಂಥವು ಸುಲಭವಾಗಿ ಸಿಗುತ್ತವೆ. ಎಲ್ಲಾ ಸ್ವರಗಳೂ ಹೆಚ್ಚು ಕಡಿಮೆ ಒಂದೇ ಬಲದಲ್ಲಿ ಬರಬೇಕು. ಯಾವುದೋ ಒಂದು ಸ್ವರ ಮಾತ್ರ ಕೋಣೆಯೆಲ್ಲ ತುಂಬಿ ಮೊಳಗಿದರೆ, ಇನ್ನೊಂದು ಕಾಣೆಯಾದರೆ, ಅದು ಬಹುಪಾಲು ಕೋಣೆಯ ಕೆಲಸ. ನೀವು ಕೂತ ಜಾಗದಿಂದ ಎರಡಡಿ ಮುಂದೆ ಬನ್ನಿ. ಮೊಳಗುವ ಸ್ವರ ಬದಲಾಯಿತೇ? ಹಾಗಾದರೆ ಸ್ಪೀಕರನ್ನು ಬೈಯಬೇಡಿ. ಮೂಲೆಯಿಂದ ಸ್ವಲ್ಪ ಈಚೆ ಎಳೆದು ನೋಡಿ.

ಹೆಡ್‌ಫೋನಿಗೆ ಕೋಣೆಯ ರಗಳೆ ಇಲ್ಲ, ಆದರೆ ಕಿವಿಗೆ ಸರಿಯಾಗಿ ಕೂರಿಸುವ ರಗಳೆ ಇದೆ. ಬೇಸ್ ಕಡಿಮೆ ಅನ್ನಿಸಿದರೆ ಎರಡೂ ಕಪ್‌ಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಬೇಸ್ ತಟ್ಟನೆ ಏರಿದರೆ ಗಾಳಿ ಸೋರುತ್ತಿತ್ತು ಅಂತ ಅರ್ಥ. ಕನ್ನಡಕದ ಕಡ್ಡಿ, ದಟ್ಟ ಕೂದಲು ಇಷ್ಟಕ್ಕೇ ಸಾಕು. ಕಿವಿಯೊಳಗೆ ಕೂರುವ ಇಯರ್‌ಫೋನ್ ಆದರೆ ರಬ್ಬರ್ ತುದಿಯ ಅಳತೆ ಬದಲಾಯಿಸದೇ ತೀರ್ಪು ಕೊಡಬೇಡಿ.

ಮೇಲಿನ ಸ್ವರಗಳಿಗೆ

ಇಲ್ಲಿ ಜನ ಸಾಮಾನ್ಯವಾಗಿ ತಾಳದ ತಟ್ಟೆಗಳಿರುವ ಹಾಡು, ಅಂದರೆ ಡ್ರಮ್ ಸೆಟ್ಟಿನ ಸಿಂಬಲ್ ಚೆನ್ನಾಗಿ ಕೇಳುವಂಥದ್ದು, ಆರಿಸುತ್ತಾರೆ. ಒಳ್ಳೆಯದೇ. ಸಿಂಬಲ್ ಲೋಹದ ಹಾಗೆ ಕೇಳಬೇಕು, ಕಾಗದ ಹರಿದ ಹಾಗಲ್ಲ. ಆದರೆ ನನಗೆ ಇದಕ್ಕಿಂತ ತಂಬೂರಿ ಇಷ್ಟ.

ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಸಣ್ಣ ದಾರ ಸಿಕ್ಕಿಸಿರುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ, ತಂತಿ ಝೇಂಕರಿಸುವ ಜಾಗಕ್ಕೆ ತರುತ್ತಾರೆ. ಆಗ ಒಂದೇ ಮೀಟಿಗೆ ಹಾರ್ಮೋನಿಕ್‌ಗಳ ಗುಂಪೇ ಎದ್ದು, ಒಂದು ಏರಿ ಒಂದು ಇಳಿದು, ತಂತಿಯ ಮೇಲೆ ಬೆಳಕು ಹರಿದ ಹಾಗೆ ಸರಿಯುತ್ತಾ ಹೋಗುತ್ತವೆ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಈ ಗುಣದ ಬಗ್ಗೆಯೂ ಬರೆದರು. ಪರೀಕ್ಷೆಗೆ ಮಾಡಬೇಕಾದದ್ದು ಇಷ್ಟೇ. ಕಛೇರಿಯ ಮುದ್ರಣವೊಂದರಲ್ಲಿ ಆಲಾಪನೆ ಶುರುವಾಗುವ ಮುಂಚಿನ ಕೆಲವು ಸೆಕೆಂಡು ತಂಬೂರಿ ಮಾತ್ರ ಇರುವ ಜಾಗ ಹಿಡಿಯಿರಿ. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಸರಿದಾಟ ಎಣಿಸುವಷ್ಟು ಬಿಡಿಯಾಗಿ ಕೇಳುತ್ತದೆ. ಸಾಧಾರಣದ್ದರಲ್ಲಿ ಒಂದೇ ಗುಂಯ್‌ಗುಡುವಿಕೆ. ಆಮೇಲೆ ಹಾಡು ಶುರುವಾದ ಮೇಲೂ ಹಿಂದೆ ತಂಬೂರಿ ಉಳಿದಿದೆಯೇ ಅಂತ ಹುಡುಕಿ. ವಿವರ ಎತ್ತಿ ತೋರಿಸುವ ಸಾಧನದಲ್ಲಿ ಅದು ಪೂರ್ತಿ ಮುಳುಗುವುದಿಲ್ಲ. ಎಲೆಕ್ಟ್ರಾನಿಕ್ ತಂಬೂರಿ ಬಳಸಿದ ಕಛೇರಿ ಬೇಡ. ಅದರಲ್ಲಿ ಈ ಆಟ ಅಷ್ಟಾಗಿ ಇರುವುದಿಲ್ಲ.

20,000 ಹರ್ಟ್ಜ್‌ವರೆಗೆ ಕೇಳುತ್ತದೆಯೇ ಅಂತ ಬೀಪ್ ಹಾಕಿ ನೋಡುವ ಚಟ ಕೆಲವರಿಗೆ. ಅದು ಸ್ಪೀಕರಿನ ಪರೀಕ್ಷೆಗಿಂತ ನಿಮ್ಮ ಕಿವಿಯ ಪರೀಕ್ಷೆ. ವಯಸ್ಸಾದಂತೆ ಮೇಲಿನ ತುದಿ ಎಲ್ಲರಿಗೂ ಇಳಿಯುತ್ತದೆ. ಬಿಡಿ ಅದನ್ನು.

ಗದ್ದಲಕ್ಕೆ, ಏರಿಳಿತಕ್ಕೆ

ಒಂದು ಹಾಡಾದರೂ ಗಿಜಿಗುಡುವಂತಿರಲಿ. ಪಿಟೀಲುಗಳ ಗುಂಪು, ಹಿಮ್ಮೇಳದ ದನಿಗಳು, ಡ್ರಮ್ಮು, ಮೇಲೆ ಗಾಯಕ. ಇಷ್ಟೂ ಒಟ್ಟಿಗೆ ಬಂದಾಗ ನಿಮಗೆ ಬೇಕಾದ ಒಂದು ವಾದ್ಯವನ್ನು ಹಿಡಿದು ಅದರ ಹಿಂದೆಯೇ ಹೋಗಲು ಆದರೆ ಸಾಧನ ಪಾಸು. ಎಲ್ಲಾ ಸೇರಿ ಗೋಡೆಯಂತೆ ಬಂದರೆ ನಪಾಸು.

ಆದರೆ ಗದ್ದಲದ ಹಾಡು ಬೇರೆ, ಏರಿಳಿತದ ಹಾಡು ಬೇರೆ. 1990ರ ದಶಕದ ನಂತರ ಬಂದ ಎಷ್ಟೋ ಜನಪ್ರಿಯ ಹಾಡುಗಳನ್ನು ಜೋರಾಗಿ ಕೇಳಿಸಲೆಂದೇ ಹಿಂಡಿ ಹಿಂಡಿ ಒಂದೇ ಮಟ್ಟಕ್ಕೆ ತಂದಿದ್ದಾರೆ. ಅವುಗಳಲ್ಲಿ ಪಿಸುಮಾತಿಗೂ ಕೂಗಿಗೂ ಹೆಚ್ಚು ಅಂತರ ಇಲ್ಲ. ಏರಿಳಿತ ನೋಡಲು ವಾದ್ಯವೃಂದ, ಇಲ್ಲವೇ ಕಡಿಮೆ ವಾದ್ಯಗಳ ನೇರ ಮುದ್ರಣ ಸರಿ. ಮೆಲ್ಲಗಿನ ಭಾಗಕ್ಕೆ ವಾಲ್ಯೂಮ್ ಹೊಂದಿಸಿಕೊಂಡು ಜೋರಿನ ಭಾಗ ಬರುವವರೆಗೆ ಕಾಯಿರಿ. ಸಣ್ಣ ಸ್ಪೀಕರ್‌ಗಳು ಆ ಹೊತ್ತಿನಲ್ಲಿ ಒರಲುತ್ತವೆ, ಕೆಲವು ತಾವೇ ಬೇಸನ್ನು ಇಳಿಸಿಕೊಳ್ಳುತ್ತವೆ.

ಇಲ್ಲಿ ಸ್ವಲ್ಪ ಹುಷಾರು. ಸಿನ್ಸಿನಾಟಿ ವಾದ್ಯವೃಂದ ನುಡಿಸಿದ, ಟೆಲಾರ್ಕ್ ಕಂಪನಿ 1978ರಲ್ಲಿ ಮುದ್ರಿಸಿದ ಚೈಕೋವ್‌ಸ್ಕಿಯ ‘1812’ ಅನ್ನುವ ಕೃತಿಯಲ್ಲಿ ನಿಜವಾದ ಫಿರಂಗಿಗಳ ಸದ್ದಿದೆ. ಸ್ಪೀಕರಿಗೆ ಹಾನಿಯಾದೀತು ಅಂತ ಅದರ ಹೊದಿಕೆಯ ಮೇಲೇ ಎಚ್ಚರಿಕೆ ಅಚ್ಚು ಹಾಕಿದ್ದರು. ಇನ್ನೊಬ್ಬರ ಸ್ಪೀಕರಿನಲ್ಲಿ ಇಂಥ ಸಾಹಸ ಬೇಡ.

ಜಾಗ ತೋರಿಸುವ ಹಾಡು: ಇಲ್ಲಿ ಪಟ್ಟಿ ಎರಡಾಗುತ್ತದೆ

ಈವರೆಗಿನ ಹಾಡುಗಳು ಸ್ಪೀಕರಿಗೂ ಹೆಡ್‌ಫೋನಿಗೂ ಸಲ್ಲುತ್ತವೆ. ಇದು ಮಾತ್ರ ಬೇರೆ.

ಸ್ಪೀಕರಿಗೆ ಮೊದಲು ಒಂದು ಹಳೆಯ ಮಾನೋ ಮುದ್ರಣ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು ಹೋಗುವಂಥದ್ದು, ಹಾಕಿ. ಎರಡು ಸ್ಪೀಕರ್‌ಗಳ ನಟ್ಟನಡುವೆ, ಗಾಳಿಯಲ್ಲಿ ಗಾಯಕ ನಿಂತ ಹಾಗೆ ಕೇಳಬೇಕು. ದನಿ ಎಲ್ಲೂ ನಿಲ್ಲದೇ ಅಕ್ಕಪಕ್ಕಕ್ಕೆ ಹರಡಿದರೆ, ಜೊತೆಗೆ ಬೇಸೂ ಸೊರಗಿದ್ದರೆ, ಹಿಂದೆ ಹೋಗಿ ವೈರ್ ನೋಡಿ. ಒಂದು ಸ್ಪೀಕರಿಗೆ ಕೆಂಪು ಕಪ್ಪು ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಇದನ್ನು ಸರಿಮಾಡದೇ ಬೇರೆ ಯಾವ ಹಾಡು ಹಾಕಿದರೂ ಪ್ರಯೋಜನ ಇಲ್ಲ. ಆಮೇಲೆ ಸ್ಟೀರಿಯೋದ ಸರದಿ. ಕಡಿಮೆ ಮೈಕ್ ಇಟ್ಟು ಒಂದೇ ಸಭಾಂಗಣದಲ್ಲಿ ಮುದ್ರಿಸಿದ್ದು ಸಿಕ್ಕರೆ ಒಳ್ಳೆಯದು. ಯಾರು ಮುಂದೆ, ಯಾರು ಹಿಂದೆ ಅನ್ನುವುದು ಅದರಲ್ಲಿ ಸಹಜವಾಗಿ ಇರುತ್ತದೆ.

ಹೆಡ್‌ಫೋನಿನಲ್ಲಿ ಮಾನೋ ಹಾಡು ತಲೆಯ ನಡುವೆ ಕೇಳುವುದು ಸಹಜ. ಅದು ದೋಷವಲ್ಲ. ಒಂದು ಪಕ್ಕಕ್ಕೆ ವಾಲಿದರೆ ಮಾತ್ರ ದೋಷ. 1960ರ ದಶಕದ ಕೆಲವು ಸ್ಟೀರಿಯೋ ಹಾಡುಗಳಲ್ಲಿ ದನಿಯನ್ನು ಪೂರ್ತಿ ಒಂದು ಕಡೆಗೆ, ವಾದ್ಯಗಳನ್ನು ಇನ್ನೊಂದು ಕಡೆಗೆ ತಳ್ಳಿದ್ದಾರೆ. ಸ್ಪೀಕರಿನಲ್ಲಿ ಅದು ಸೊಗಸು, ಹೆಡ್‌ಫೋನಿನಲ್ಲಿ ಹಿಂಸೆ. ಪಟ್ಟಿಗೆ ಬೇಡ. ಬದಲಿಗೆ ಬೈನಾರಲ್ ಮುದ್ರಣ ಒಂದಿರಲಿ. ಗೊಂಬೆಯ ತಲೆಯ ಎರಡೂ ಕಿವಿಗಳ ಜಾಗದಲ್ಲಿ ಮೈಕ್ ಇಟ್ಟು ಮುದ್ರಿಸಿದ್ದು ಇದು. ಹೆಡ್‌ಫೋನಿನಲ್ಲಿ ಸದ್ದು ತಲೆಯ ಹೊರಗೆ, ಬೆನ್ನ ಹಿಂದೆ ಓಡಾಡಿದ ಹಾಗಿರುತ್ತದೆ. ಅದೇ ಮುದ್ರಣ ಸ್ಪೀಕರಿನಲ್ಲಿ ಸಪ್ಪೆ, ಯಾಕೆಂದರೆ ಅಲ್ಲಿ ಎರಡೂ ಸ್ಪೀಕರ್‌ಗಳ ಸದ್ದು ಎರಡೂ ಕಿವಿಗೆ ಬರುತ್ತದೆ.

ಫೈಲು ಎಂಥದ್ದಿರಬೇಕು

ಇದರ ಬಗ್ಗೆ ಜಗಳ ಜಾಸ್ತಿ, ವಿಷಯ ಕಡಿಮೆ. ಸಿಡಿ ಗುಣಮಟ್ಟದ್ದು, ಅಂದರೆ 16 ಬಿಟ್, ಸೆಕೆಂಡಿಗೆ 44,100 ಮಾದರಿಗಳದ್ದು, ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3 ಕೂಡ ಆಗುತ್ತದೆ. ಇವೆರಡರ ನಡುವಿನ ವ್ಯತ್ಯಾಸಕ್ಕಿಂತ ಎರಡು ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ಎಷ್ಟೋ ಪಾಲು ದೊಡ್ಡದು. 128 ಕೆಬಿಪಿಎಸ್ ಎಂಪಿ3 ಮಾತ್ರ ಬೇಡ. ಸಿಂಬಲ್‌ಗಳು ನೀರಿನಲ್ಲಿ ಅಲ್ಲಾಡಿಸಿದ ಹಾಗೆ ಕೇಳುತ್ತವೆ, ತಪ್ಪು ಯಾರದ್ದು ಅಂತ ತಿಳಿಯುವುದಿಲ್ಲ.

ಆ್ಯಪ್‌ನಲ್ಲಿ ಈಕ್ವಲೈಸರ್, ಬೇಸ್ ಬೂಸ್ಟ್, ಸುತ್ತುಧ್ವನಿಯ ಎಫೆಕ್ಟು ಎಲ್ಲ ಆಫ್ ಮಾಡಿ. ಒಂದೇ ಹಾಡಿನ ಹಳೆಯ ಆವೃತ್ತಿ, ರೀಮಾಸ್ಟರ್ ಆದ ಆವೃತ್ತಿ ಬೇರೆ ಬೇರೆ ಕೇಳುತ್ತವೆ. ಎರಡು ಸಾಧನಗಳಿಗೂ ಒಂದೇ ಆವೃತ್ತಿ ಹಾಕಿ. ಡೌನ್‌ಲೋಡ್ ಮಾಡಿಟ್ಟುಕೊಂಡು ಹೋದರೆ ನೆಟ್‌ವರ್ಕ್ ನೋಡಿ ಗುಣಮಟ್ಟ ಇಳಿಯುವ ಕಾಟವೂ ತಪ್ಪುತ್ತದೆ. ಬ್ಲೂಟೂತ್ ಸಾಧನವನ್ನು ಬ್ಲೂಟೂತಿನಲ್ಲೇ ಪರೀಕ್ಷಿಸಿ, ದಿನವೂ ಬಳಸುವುದು ಹಾಗೇ ತಾನೇ. ಸುತ್ತಲಿನ ಸದ್ದು ತಡೆಯುವ ಸೌಲಭ್ಯ ಇದ್ದರೆ ಅದನ್ನು ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ಕೇಳಿ. ಎಷ್ಟೋ ಹೆಡ್‌ಫೋನ್‌ಗಳಲ್ಲಿ ಬೇಸೇ ಬದಲಾಗುತ್ತದೆ.

ಕೇಳುವ ರೀತಿ

ಎಷ್ಟು ಒಳ್ಳೆಯ ಹಾಡು ಆರಿಸಿದರೂ ವಾಲ್ಯೂಮ್ ಸಮ ಇಲ್ಲದಿದ್ದರೆ ಎಲ್ಲಾ ನೀರಿನಲ್ಲಿ ಹೋಮ. ಒಂದೇ ಒಂದು ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಜೋರಿರುವುದು ನಮಗೆ ‘ಜೋರು’ ಅಂತ ಅನ್ನಿಸುವುದೇ ಇಲ್ಲ. ‘ಚೆನ್ನಾಗಿದೆ, ಸ್ಪಷ್ಟವಾಗಿದೆ’ ಅಂತ ಅನ್ನಿಸುತ್ತದೆ. ಪಿಂಕ್ ನಾಯ್ಸ್ ಇಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ಕೂರುವ ಜಾಗದಲ್ಲಿ ಫೋನಿನ ಸೌಂಡ್ ಮೀಟರ್ ಆ್ಯಪ್ ಇಟ್ಟು, ಎರಡೂ ಸ್ಪೀಕರ್‌ಗಳು ಒಂದೇ ಅಂಕಿ ತೋರಿಸುವಂತೆ ಹೊಂದಿಸಿ. ಹೆಡ್‌ಫೋನಿಗೆ ಈ ಉಪಾಯ ನಡೆಯುವುದಿಲ್ಲ. ದನಿ ಮಾತ್ರ ಇರುವ ತುಣುಕನ್ನು ಹಾಕಿ, ಎರಡರಲ್ಲೂ ಗಾಯಕಿ ಅಷ್ಟೇ ಹತ್ತಿರ ನಿಂತ ಹಾಗೆ ಕೇಳುವಂತೆ ಕಿವಿಯಿಂದಲೇ ಸರಿಮಾಡಿಕೊಳ್ಳಿ.

ಜೋರು ಎಷ್ಟಿರಬೇಕು? ಮನೆಯಲ್ಲಿ ಎಷ್ಟರಲ್ಲಿ ಕೇಳುತ್ತೀರೋ ಅಷ್ಟೇ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳುತ್ತದೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟದ್ದು ಇದೇ. ಅಂಗಡಿಯಲ್ಲಿ ಜೋರಾಗಿ ಕೇಳಿ ‘ಬೇಸ್ ಸರಿಯಾಗಿದೆ’ ಅಂದುಕೊಂಡ ಸ್ಪೀಕರ್ ರಾತ್ರಿ ಮೆಲ್ಲಗೆ ಹಾಕಿದಾಗ ಬಡಕಲಾಗಿ ಕೇಳಬಹುದು. ಮೆಲ್ಲಗೂ ಒಂದು ಸುತ್ತು ಹಾಕಿ.

ಪೂರ್ತಿ ಹಾಡು ಬೇಕಿಲ್ಲ. ಹತ್ತರಿಂದ ಇಪ್ಪತ್ತು ಸೆಕೆಂಡಿನ ತುಣುಕು ಸಾಕು. ಧ್ವನಿಯ ಸೂಕ್ಷ್ಮ ನೆನಪು ಬೇಗ ಮಾಸುತ್ತದೆ. ಒಂದರಲ್ಲಿ ಐದು ನಿಮಿಷ ಕೇಳಿ, ಮಾತಾಡಿ, ಆಮೇಲೆ ಇನ್ನೊಂದು ಹಾಕಿದರೆ ಹೋಲಿಸುತ್ತಿರುವುದು ನೆನಪನ್ನೇ ಹೊರತು ಸ್ಪೀಕರನ್ನಲ್ಲ. ಒಂದು ತುಣುಕು, ಒಂದು ಪ್ರಶ್ನೆ, ತಕ್ಷಣ ಬದಲಾವಣೆ. ಸಾಧ್ಯವಾದರೆ ಯಾವುದು ನುಡಿಯುತ್ತಿದೆ ಅಂತ ನಿಮಗೆ ಗೊತ್ತಾಗದ ಹಾಗೆ ಬೇರೆಯವರ ಕೈಲಿ ಬದಲಾಯಿಸಲು ಹೇಳಿ. ಹೆಸರು, ಬೆಲೆ, ಅಂದ ಕಣ್ಣಿಗೆ ಬಿದ್ದರೆ ಕಿವಿ ಅದನ್ನೇ ಕೇಳುತ್ತದೆ.

ಸಮಯ ಕಡಿಮೆ ಇದ್ದರೆ ಮೂರೇ ತುಣುಕು ಇಟ್ಟುಕೊಳ್ಳಿ: ಸ, ಶ ಎರಡೂ ಇರುವ ದನಿ, ಒಂದು ಮೃದಂಗ ಅಥವಾ ತಬಲಾ, ಒಂದು ಗಿಜಿಗುಡುವ ಹಾಡು. ಸ್ಪೀಕರ್ ಆದರೆ ಮಾನೋ ಹಾಡು ಸೇರಿಸಿ. ಬರೀ ಮಾತು, ಪಾಡ್‌ಕಾಸ್ಟ್ ಕೇಳುವವರಿಗೆ ಬೇಸಿನ ಭಾಗ ಬಿಟ್ಟರೂ ನಡೆಯುತ್ತದೆ, ದನಿಯ ಭಾಗಕ್ಕೆ ಎರಡು ಪಟ್ಟು ಸಮಯ ಕೊಡಿ. ಎಲೆಕ್ಟ್ರಾನಿಕ್ ಸಂಗೀತವನ್ನೇ ಕೇಳುವವರು ತಂಬೂರಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಸಣ್ಣ ತುಣುಕುಗಳಲ್ಲಿ ಗೆದ್ದದ್ದನ್ನು ಕೊನೆಗೆ ಒಂದು ಗಂಟೆ ಬಿಡದೇ ಕೇಳಬೇಕು, ತುಣುಕು ಗಿಣುಕು ಇಲ್ಲದೇ, ದಿನವೂ ಕೇಳುವ ಹಾಡುಗಳನ್ನೇ. ಮೊದಲ ಹತ್ತು ಸೆಕೆಂಡಿನಲ್ಲಿ ಹೊಳಪು ಅನ್ನಿಸಿದ ಟ್ರೆಬಲ್ ಇಪ್ಪತ್ತು ನಿಮಿಷಕ್ಕೆ ತಲೆನೋವಾಗುವುದುಂಟು. ಹೆಡ್‌ಫೋನಿನ ಹಿಡಿತ ಬಿಗಿಯೋ, ಕಿವಿ ಬೆವರುತ್ತದೆಯೋ ಅನ್ನುವುದೂ ಆಗಲೇ ಗೊತ್ತಾಗುವುದು. ಗೊತ್ತಿಲ್ಲದೇ ಕೈ ವಾಲ್ಯೂಮ್ ಇಳಿಸಲು ಹೋಗುತ್ತಿದ್ದರೆ ಎರಡನೇ ಸ್ಥಾನದಲ್ಲಿ ಇದ್ದದ್ದನ್ನು ಇನ್ನೊಮ್ಮೆ ಹಾಕಿ ಕೇಳಿ.